ಬಾಂಡು ಮಾರುವ ಹುಡುಗರು

ಮಂಗಳವಾರ ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯವರೆಗೆ ಮುಂಬೈ ಬ್ಯಾಂಕುಗಳ ಟ್ರೆಷರಿ ವಿಭಾಗದಲ್ಲಿ ಚಹಾಕ್ಕೂ ಯಾರೂ ಏಳುವುದಿಲ್ಲ. ರಾಜ್ಯ ಸರ್ಕಾರಗಳ ಬಾಂಡುಗಳ ಹರಾಜು ರಿಸರ್ವ್ ಬ್ಯಾಂಕಿನ ಇ-ಕುಬೇರ್ ಎಂಬ ಗಣಕ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಆಗಲೇ. ಕರ್ನಾಟಕ ಸರ್ಕಾರ ಸಾಲ ಎತ್ತುವುದೂ ಅಲ್ಲೇ. ಹಾವೇರಿ ಜಿಲ್ಲೆಯ ಬಂಕಾಪುರದವರಿಗೆ ಇದು ದೂರದ ಮಾತು ಅನ್ನಿಸಬಹುದು. ಆದರೆ ಸರ್ಕಾರ ಹಾಕುವ ರಸ್ತೆಗೂ ತೋಡುವ ಕಾಲುವೆಗೂ ಒಂದಷ್ಟು ದುಡ್ಡು ಬರುವುದು ಈ ಸಂತೆಯಿಂದಲೇ. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿದ್ದೇ ಮಾರುಕಟ್ಟೆಯಲ್ಲಿ ಬಾಂಡು ಮಾರಿ ನೀರಾವರಿಗೆ ಹಣ ಕೂಡಿಸುವುದಕ್ಕೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಖರೀದಿದಾರ ಮೆಣಸಿನಕಾಯಿ ಮುರಿದು, ಬಣ್ಣ ನೋಡಿ, ಟೆಂಡರಿಗೆ ದರ ಹಾಕುತ್ತಾನೆ. ಬಾಂಡಿನಲ್ಲಿ ಮುರಿದು ನೋಡುವುದಕ್ಕೆ ಏನೂ ಇಲ್ಲ. ಇಷ್ಟು ವರ್ಷ ಇಷ್ಟು ಬಡ್ಡಿ ಕೊಡುತ್ತೇನೆ, ಕೊನೆಗೆ ಅಸಲು ಕೊಡುತ್ತೇನೆ ಎಂಬ ಮಾತೇ ಸರಕು. ಶೇ 7ರ ಬಡ್ಡಿಯ ಹತ್ತು ವರ್ಷದ ಬಾಂಡನ್ನು ನೂರು ರೂಪಾಯಿಗೆ ಕೊಂಡಿದ್ದೀರಿ ಎನ್ನಿ. ನಾಳೆ ಪೇಟೆಯ ಬಡ್ಡಿ ಶೇ 8ಕ್ಕೆ ಏರಿದರೆ ನಿಮ್ಮ ಕಾಗದಕ್ಕೆ ನೂರು ಕೊಡುವವರು ಯಾರು? ಅದರ ಬೆಲೆ 93 ರೂಪಾಯಿ ಆಸುಪಾಸಿಗೆ ಇಳಿಯುತ್ತದೆ. ನೂರು ಕೋಟಿ ಸರಕು ಇಟ್ಟುಕೊಂಡವನಿಗೆ ಹತ್ತಿರ ಹತ್ತಿರ ಏಳು ಕೋಟಿ ನಷ್ಟ. ದಿನದ ವ್ಯವಹಾರದಲ್ಲಿ ಲೆಕ್ಕ ಪೈಸೆಯಲ್ಲೇ ನಡೆಯುತ್ತದೆ. ಐದು ಕೋಟಿಯ ಒಂದು ಲಾಟಿನಲ್ಲಿ ಒಂದು ಪೈಸೆ ಹೆಚ್ಚುಕಡಿಮೆಯಾದರೆ ಐದು ಸಾವಿರ ರೂಪಾಯಿ.

ಬ್ಯಾಂಕುಗಳ ಟ್ರೆಷರಿ ಕೋಣೆಗಳಲ್ಲಿ ಎರಡು ಬಗೆಯ ಹುಡುಗರಿರುತ್ತಾರೆ. ಟ್ರೇಡರ್ ಬ್ಯಾಂಕಿನ ದುಡ್ಡಿನಲ್ಲಿ ಬಾಂಡು ಕೊಂಡು ಇಟ್ಟುಕೊಳ್ಳುತ್ತಾನೆ. ಸೇಲ್ಸ್‌ನವ ಕಿವಿಗೆ ಫೋನು ಅಂಟಿಸಿಕೊಂಡು ವಿಮಾ ಕಂಪನಿ, ಭವಿಷ್ಯ ನಿಧಿ ಟ್ರಸ್ಟು, ಸಹಕಾರಿ ಬ್ಯಾಂಕುಗಳಿಗೆ ಅದನ್ನು ದಾಟಿಸುತ್ತಾನೆ. ಓದು ಮುಗಿಸಿ ಎರಡು ವರ್ಷವಾಗಿರದ ಹುಡುಗ ತನ್ನಪ್ಪನ ವಯಸ್ಸಿನ ಖಜಾನೆ ಅಧಿಕಾರಿಗೆ ಬಡ್ಡಿ ಇಳಿಯುತ್ತದೋ ಏರುತ್ತದೋ ಹೇಳಬೇಕು. ತಪ್ಪಿದರೆ ನಷ್ಟ ಆ ಅಧಿಕಾರಿಯ ಸಂಸ್ಥೆಗೆ. ಹುಡುಗನ ಬೋನಸ್ಸು ನಿಂತಿರುವುದು ಎಷ್ಟು ಮಾರಿದ ಎಂಬುದರ ಮೇಲೆ. ಈ ಕಸುಬಿನ ರೋಗವೂ ಅಲ್ಲೇ ಇದೆ ಎಂದು ನನ್ನ ಅಂಬೋಣ. ಎಂಬತ್ತರ ದಶಕದಲ್ಲಿ ಅಮೆರಿಕದ ಸಾಲೊಮನ್ ಬ್ರದರ್ಸ್ ಕಂಪನಿಯ ಲಂಡನ್ ಕಚೇರಿಯಲ್ಲಿ ಬಾಂಡು ಮಾರುತ್ತಿದ್ದ ಮೈಕೆಲ್ ಲೂಯಿಸ್ ತನ್ನ ಅನುಭವವನ್ನು 1989ರಲ್ಲಿ ‘ಲಯರ್ಸ್ ಪೋಕರ್’ ಎಂಬ ಪುಸ್ತಕವಾಗಿ ಬರೆದ. ಕಂಪನಿ ಕೈತೊಳೆದುಕೊಳ್ಳಬೇಕೆಂದಿದ್ದ ಬಾಂಡುಗಳನ್ನು ಒಳ್ಳೆಯ ಸರಕೆಂದು ನಂಬಿ ಗಿರಾಕಿಗೆ ಮಾರಿ, ಅವನನ್ನು ಮುಳುಗಿಸಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡ.

ನಮ್ಮಲ್ಲಿ ಹಾಗಾಗಿಲ್ಲವೇ? 1992ರ ಹಗರಣವೆಂದರೆ ಜನ ದಲ್ಲಾಳಿ ಹರ್ಷದ್ ಮೆಹ್ತಾ, ಷೇರು ಎನ್ನುತ್ತಾರೆ. ಅದರ ಬೇರು ಇದ್ದದ್ದು ಸರ್ಕಾರಿ ಬಾಂಡುಗಳ ಪೇಟೆಯಲ್ಲಿ. ಬಾಂಡು ಆಮೇಲೆ ಕೊಡುತ್ತೇವೆಂದು ಬ್ಯಾಂಕುಗಳು ಬರೆದುಕೊಡುತ್ತಿದ್ದ ರಸೀದಿಗಳಲ್ಲಿ ಎಷ್ಟೋ ರಸೀದಿಗಳ ಹಿಂದೆ ಬಾಂಡೇ ಇರಲಿಲ್ಲ. ರಿಸರ್ವ್ ಬ್ಯಾಂಕಿನ ಜಾನಕೀರಾಮನ್ ಸಮಿತಿ ತನಿಖೆಗಿಳಿದಾಗ ನಮ್ಮ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾದ ಹೆಸರೂ ಹೊರಬಂತು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನಲ್ಲಿ ಜನರ ಉಳಿತಾಯಕ್ಕೆಂದು ಕಟ್ಟಿದ ಸಂಸ್ಥೆಯ ಕುಡಿ ಹೀಗೆ ಸಿಕ್ಕಿಕೊಂಡಿತು. ಹತ್ತು ವರ್ಷದ ಮೇಲೆ, 2002ರಲ್ಲಿ, ನಾಗಪುರ ಜಿಲ್ಲಾ ಸಹಕಾರಿ ಬ್ಯಾಂಕು ಸರ್ಕಾರಿ ಬಾಂಡಿಗೆಂದು ದಲ್ಲಾಳಿ ಕಂಪನಿಗಳಿಗೆ ದುಡ್ಡು ಕೊಟ್ಟಿತು; ಬಾಂಡು ಬರಲಿಲ್ಲ. ಅದು ರೈತರ ಠೇವಣಿ. ಈಗ ವ್ಯವಹಾರ ಪರದೆಯ ಮೇಲೆ ನಡೆಯುತ್ತದೆ, ಲೇವಾದೇವಿ ಚುಕ್ತಾ ಮಾಡುವುದಕ್ಕೆ ಕ್ಲಿಯರಿಂಗ್ ಕಾರ್ಪೊರೇಷನ್ ಇದೆ. ಅಂಥ ಮೋಸ ಅಷ್ಟು ಸುಲಭವಿಲ್ಲ.

ಹಾವೇರಿ ಕಡೆಯ ಹುಡುಗರು ಬಾಂಡು ವ್ಯವಹಾರದ ವಿದೇಶಿ ಬ್ಯಾಂಕು ಸೇರಿದರೆ ಬಹುಪಾಲು ಕೂರುವುದು ಬೆಂಗಳೂರಿನಲ್ಲಿ. 2004ರಲ್ಲಿ ಅಲ್ಲಿಗೆ ಬಂದ ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಈಗ ಸಾವಿರಾರು ಮಂದಿಯಿದ್ದಾರೆ. ಅಲ್ಲಿನ ಕೆಲಸ ಹೆಚ್ಚಾಗಿ ತಂತ್ರಾಂಶ, ಲೆಕ್ಕಪತ್ರ, ಅಪಾಯದ ಅಂದಾಜು. ಲಂಡನ್ ಪೇಟೆ ತೆರೆಯುವಾಗ ನಮ್ಮಲ್ಲಿ ಮಧ್ಯಾಹ್ನ, ನ್ಯೂಯಾರ್ಕ್ ತೆರೆಯುವಾಗ ದೀಪ ಹಚ್ಚುವ ಹೊತ್ತು. ಊಟ ನಿದ್ದೆ ಆ ಗಡಿಯಾರಕ್ಕೇ ಹೊಂದಬೇಕು. ಮಗನಿಗೆ ಬ್ಯಾಂಕಿನಲ್ಲಿ ನೌಕರಿ ಎಂದು ಹೆಮ್ಮೆಪಡುವ ತಂದೆತಾಯಿ ಸಂಬಳದ ಜೊತೆಗೆ, ಅವನು ಏನು ಮಾರುತ್ತಾನೆ, ಯಾರಿಗೆ ಮಾರುತ್ತಾನೆ ಎಂದೂ ಕೇಳಿಕೊಳ್ಳುವುದು ಒಳ್ಳೆಯದು.

ಓದುಗರಿಗೆ ಉಪಯೋಗವಾಗುವ ಮಾತು ಒಂದಿದೆ. 2021ರ ನವೆಂಬರ್ 12ರಿಂದ ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಯೋಜನೆ ಜಾರಿಯಲ್ಲಿದೆ. ಪಾನ್, ಉಳಿತಾಯ ಖಾತೆ, ಮೊಬೈಲ್, ಇ-ಮೇಲ್ ಇದ್ದವರು ಅಲ್ಲಿ ಶುಲ್ಕವಿಲ್ಲದೆ ಖಾತೆ ತೆರೆದು, ಮಂಗಳವಾರದ ಇದೇ ಹರಾಜಿನಲ್ಲಿ ಹತ್ತು ಸಾವಿರ ರೂಪಾಯಿಯಿಂದ ಬಾಂಡು ಕೊಳ್ಳಬಹುದು. ನಡುವೆ ಯಾವ ಸೇಲ್ಸ್ ಹುಡುಗನೂ ಬೇಕಿಲ್ಲ.