ನಾಲ್ಕು ಊರು, ಒಂದು ಬೇಸಗೆ

ಪ್ರವಾಸವೆಂದೊಡನೆ ದೂರವನ್ನು ನೆನೆಯುವುದು ನಮ್ಮ ಕಾಲದ ಅಭ್ಯಾಸ. ಕೈಯಲ್ಲಿ ನಾಲ್ಕು ಕಾಸಿದ್ದರೆ ಕಾಶ್ಮೀರ, ಇನ್ನಷ್ಟು ಕೂಡಿದರೆ ಯೂರೋಪು. ಕನ್ನಡ ಓದುಗರಲ್ಲಿ ಈ ಹಂಬಲವನ್ನು ಬೆಳೆಸಿದ ಪುಣ್ಯದಲ್ಲಿ ನಮ್ಮ ಲೇಖಕರಿಗೂ ಪಾಲುಂಟು. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಇವುಗಳನ್ನು ಓದಿದವರಿಗೆ ಆ ಕಡಲಾಚೆಯ ನಾಡುಗಳನ್ನು ಒಮ್ಮೆ ಕಣ್ಣಾರೆ ಕಾಣಬೇಕೆನಿಸುವುದು ಸಹಜ. ಆದರೆ ನಮ್ಮ ಪ್ರವಾಸ ಸಾಹಿತ್ಯಕ್ಕೆ ಇನ್ನೊಂದು ಬಾಗಿಲೂ ಇದೆ. ವಿ. ಸೀತಾರಾಮಯ್ಯನವರು ‘ಪಂಪಾಯಾತ್ರೆ’ಯನ್ನು ಬರೆದದ್ದು ಕನ್ನಡ ನೆಲದ ಹಂಪೆಯನ್ನು ನೋಡಿಬಂದು. ಹತ್ತಿರದ ನೆಲವೂ ಯಾತ್ರೆಗೆ ಯೋಗ್ಯವೆಂಬುದಕ್ಕೆ ಆ ಪುಸ್ತಕಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಳೆದ ಬೇಸಗೆಯಲ್ಲಿ ನನ್ನ ಸಹೋದ್ಯೋಗಿ ಮಿತ್ರರೊಬ್ಬರು, ಇತಿಹಾಸದ ಅಧ್ಯಾಪಕರು, ಯೂರೋಪು ಪ್ರವಾಸದ ಒಂದು ವಿವರಪಟ್ಟಿಯನ್ನು ತಂದು ಮುಂದಿಟ್ಟರು. ಎರಡು ವಾರ, ಆರು ದೇಶ. ಎರಡು ಮನೆಯವರೂ ಕೂತು ಲೆಕ್ಕ ಹಾಕಿದೆವು. ನನ್ನ ಮಗಳು ಪಿ.ಯು.ಸಿ. ಮುಗಿಸಿ ಮುಂದಿನ ಓದಿಗೆ ಬೆಂಗಳೂರಿಗೆ ಹೊರಡುವವಳಿದ್ದಳು. ಇದ್ದ ಹಣ ಅವಳ ಪಾಲಿನದು. “ಅಲ್ಲಿ ಬೆಳಗ್ಗೆ ಒಂದು ದೇಶದಲ್ಲಿ ಕಾಫಿ, ಸಂಜೆ ಇನ್ನೊಂದು ದೇಶದಲ್ಲಿ ಊಟವಂತೆ” ಎಂದು ಮಿತ್ರರು ನಿಟ್ಟುಸಿರಿಟ್ಟರು. “ನಮ್ಮಲ್ಲಿ ಬೆಳಗ್ಗೆ ಒಂದು ತಾಲ್ಲೂಕು, ಸಂಜೆ ಇನ್ನೊಂದು ತಾಲ್ಲೂಕು ಆಗಲಿ ಬಿಡಿ” ಎಂದಳು ನನ್ನ ಹೆಂಡತಿ. ನಗೆಯಾಗಿ ಹುಟ್ಟಿದ ಮಾತು ನಿಶ್ಚಯವಾಯಿತು. ನಾಲ್ಕು ಭಾನುವಾರ, ನಾಲ್ಕು ಊರು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ರಾತ್ರಿಗೆ ಮನೆಗೆ ಮರಳಬೇಕು. ಬುತ್ತಿ ಮನೆಯದೇ ಆಗಬೇಕು. ಎಪ್ಪತ್ತು ದಾಟಿದ ನನ್ನ ತಾಯಿಯೂ ಜೊತೆಗಿರಬೇಕು.

ಮೊದಲ ಭಾನುವಾರ ನಾವಿರುವ ಊರನ್ನೇ ನೋಡಿದೆವು. ಚಂದ್ರವಳ್ಳಿಗೆ ಬೆಳಗಿನ ಗಾಳಿಗಾಗಿ ಎಷ್ಟೋ ಸಲ ಹೋಗಿದ್ದೇವೆ. ನೋಡಬೇಕೆಂದು ಹೋದದ್ದು ಅಂದೇ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕನ್ನಡ ನಾಡಿನ ಮೊದಲ ರಾಜವಂಶವನ್ನು ಕಟ್ಟಿದ ಆ ಪುರುಷನು ಅಲ್ಲಿ ಬರೆಸಿರುವುದು ಒಂದು ಕೆರೆಯ ವಿಚಾರ. ಅವನು ಗೆದ್ದನೆನ್ನುವ ಅರಸರ ಹೆಸರುಗಳ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಕೆರೆಯಾದರೋ ಇಂದಿಗೂ ಕಣ್ಣಮುಂದಿದೆ. ಈ ಕಣಿವೆಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಉತ್ಖನನ ನಡೆಸಿದರು. ರೋಮಿನ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ಸರ ಬೆಳ್ಳಿಯ ನಾಣ್ಯಗಳು ಇಲ್ಲಿ ದೊರೆತಿವೆ. ಇದನ್ನು ಹೇಳುವಾಗ ಇತಿಹಾಸದ ಮಿತ್ರರ ಮುಖ ಅರಳಿತು. “ನಾವು ಯೂರೋಪಿಗೆ ಹೋಗದಿದ್ದರೆ ಏನಂತೆ, ಎರಡು ಸಾವಿರ ವರ್ಷದ ಹಿಂದೆ ಯೂರೋಪಿನ ದುಡ್ಡೇ ನಮ್ಮ ಮನೆಬಾಗಿಲಿಗೆ ಬಂದಿತ್ತಲ್ಲ!”

ಮಧ್ಯಾಹ್ನ ಇಳಿದ ಮೇಲೆ ಕೋಟೆ ಹತ್ತಿದೆವು. 1779ರಲ್ಲಿ ಹೈದರಾಲಿಯ ವಶವಾದ ಈ ಏಳು ಸುತ್ತಿನ ಕೋಟೆಯನ್ನು ಕಾದವು ಕಲ್ಲಿನ ಗೋಡೆಗಳೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಮೇಲೆ ನಿಂತು ನೋಡಿದರೆ ಗೋಡೆಯಷ್ಟೇ ಮುಖ್ಯವಾದ ಇನ್ನೊಂದು ಕಾಣುತ್ತದೆ. ಗೋಪಾಲಸ್ವಾಮಿ ಹೊಂಡ ತುಂಬಿ ಹೆಚ್ಚಾದ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಇನ್ನೂ ಕೆಳಗಣ ಹೊಂಡಗಳತ್ತ ಸಾಗುತ್ತದೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಹಿಡಿದಿಟ್ಟ ಈ ಏರ್ಪಾಡಿಲ್ಲದಿದ್ದರೆ ಮುತ್ತಿಗೆಯ ದಿನಗಳಲ್ಲಿ ಯಾವ ಗೋಡೆಯೂ ಯಾರನ್ನೂ ಉಳಿಸುತ್ತಿರಲಿಲ್ಲ. ಒನಕೆ ಓಬವ್ವನ ಕಿಂಡಿಯ ಬಳಿ ನನ್ನ ಮಗ ಒನಕೆಯ ಕತೆಯನ್ನು ಅಭಿನಯಿಸಿ ತೋರಿಸಿದ. ಅಜ್ಜಿ ಕೇಳಿದರು: “ಅವಳು ಅಲ್ಲಿಗೆ ಯಾಕೆ ಬಂದಿದ್ದಳಪ್ಪ, ಅದನ್ನು ಹೇಳು.” ಮಗ ತಡವರಿಸಿದ. “ಗಂಡ ಉಣ್ಣುತ್ತ ಕೂತಿದ್ದ, ಕುಡಿಯೋಕೆ ನೀರಿರಲಿಲ್ಲ. ನೀರಿಗೆ ಬಂದಿದ್ದಳು” ಎಂದು ಅವರೇ ಉತ್ತರ ಕೊಟ್ಟರು. ಅಂದಿನಿಂದ ನಮ್ಮ ಸಣ್ಣ ಯಾತ್ರೆಗಳಿಗೆ ಒಂದು ದಾರಿ ಸಿಕ್ಕಿತು. ಹೋದಲ್ಲೆಲ್ಲ ನೀರನ್ನು ಕೇಳಿಕೊಂಡು ನಡೆದೆವು.

ಎರಡನೆಯ ಭಾನುವಾರ ಹಿರಿಯೂರು. ತೇರುಮಲ್ಲೇಶ್ವರನಿಗೆ ಕೈಮುಗಿದು ಮಾರಿಕಣಿವೆಗೆ ಹೋದೆವು. ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದುಬರುವ ವೇದಾವತಿಯನ್ನು ಎರಡು ಗುಡ್ಡಗಳ ನಡುವೆ ತಡೆದು ನಿಲ್ಲಿಸಿದ ಜಲಾಶಯವಿದು. ಮೈಸೂರಿನ ರಾಜಮಾತೆ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಆಳ್ವಿಕೆಯ ಕಾಲದಲ್ಲಿ ಕೆಲಸ ಮೊದಲಾಗಿ, 1907ರಲ್ಲಿ ಕಟ್ಟೆ ಪೂರ್ಣವಾಯಿತು. ಸರ್ಕಾರಿ ಕಡತ ಇದನ್ನು ವಾಣಿವಿಲಾಸ ಸಾಗರವೆನ್ನುತ್ತದೆ. ಸುತ್ತಲಿನ ಜನಕ್ಕೆ ಇದು ಇಂದಿಗೂ ಕಣಿವೆ ಮಾರಮ್ಮನ ಹೆಸರಿನ ಮಾರಿಕಣಿವೆ. ಇದರ ಪೂರ್ಣಮಟ್ಟ 130 ಅಡಿ. 1933ರಲ್ಲಿ ತುಂಬಿ ಕೋಡಿ ಬಿದ್ದ ಈ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಮಳೆಯ ಜೊತೆಗೆ ಭದ್ರೆಯಿಂದ ಹರಿಸಿದ ನೀರೂ ಅದಕ್ಕೆ ನೆರವಾಗಿತ್ತು. ನನ್ನ ತಾಯಿಯ ತವರು ಈ ಸೀಮೆಯದು. ಅವರ ತಂದೆ ಹುಡುಗನಾಗಿದ್ದಾಗ ಮೊದಲ ಕೋಡಿಯನ್ನು ಕಂಡಿದ್ದರಂತೆ. “ಇನ್ನೊಂದು ಸಲ ನೋಡಿಯೇ ಸಾಯುತ್ತೇನೆ ಅಂತಿದ್ದರು. ನೋಡಲಿಲ್ಲ. ನಾನು ನೋಡಿದೆ” ಎಂದು ತಾಯಿ ಕಟ್ಟೆಯ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೊಮ್ಮಗಳು ಅವರ ಕೈ ಹಿಡಿದು ಸುಮ್ಮನೆ ನಿಂತಿದ್ದಳು. ಒಂದು ಮನೆತನದ ಎರಡು ತಲೆಮಾರು ಕಾದ ನೀರು ಅದು. ಯಾವ ಪಠ್ಯಪುಸ್ತಕದ ಅಂಕಿಯೂ ಆ ಹುಡುಗಿಗೆ ಬರವೆಂದರೇನೆಂಬುದನ್ನು ಅಷ್ಟು ಚೆನ್ನಾಗಿ ಹೇಳಲಾರದೆಂದು ನನಗೆ ತೋರಿತು.

ಮೂರನೆಯ ವಾರ ಹೊಸದುರ್ಗ. ಮಾರಿಕಣಿವೆಯ ಹಿನ್ನೀರು ಈ ತಾಲ್ಲೂಕಿನವರೆಗೂ ಚಾಚಿಕೊಂಡಿದೆ. ಹಾಲುರಾಮೇಶ್ವರದಲ್ಲಿ ಸಣ್ಣದೊಂದು ಗಂಗೆಯ ಕೊಳ. ಭಕ್ತರು ಸಂಕಲ್ಪ ಮಾಡಿ ಬೇಡಿಕೊಂಡರೆ ನೀರಿನೊಳಗಿಂದ ಏನಾದರೊಂದು ವಸ್ತು ತೇಲಿಬಂದು ಉತ್ತರ ಕೊಡುತ್ತದೆಂಬ ನಂಬಿಕೆ ಇಲ್ಲಿಯದು. ನೀರಿಗೇ ಪ್ರಶ್ನೆ ಕೇಳುವ ಈ ಪದ್ಧತಿ ಬಯಲುಸೀಮೆಯಲ್ಲಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಂದ ಸಾಣೇಹಳ್ಳಿಗೆ ಹೋದೆವು. 1997ರಲ್ಲಿ ಆರಂಭವಾದ ಶಿವಸಂಚಾರ ತಂಡ ವರ್ಷವರ್ಷವೂ ನಾಟಕಗಳನ್ನು ಹೊತ್ತು ನಾಡೆಲ್ಲ ತಿರುಗುವುದು ಈ ಹಳ್ಳಿಯಿಂದ. ಇಲ್ಲಿನ ಬಯಲು ರಂಗಮಂದಿರ ಗ್ರೀಕರ ಮಾದರಿಯದು. ಅಥೆನ್ಸಿನ ವೈಭವವನ್ನು ಪುಸ್ತಕದಲ್ಲಿ ಓದಿ ಪಾಠ ಹೇಳುವ ನಾನು ಹೊಸದುರ್ಗದ ಬಿಸಿಲಿನಲ್ಲಿ ಕಾದ ಮೆಟ್ಟಿಲ ಮೇಲೆ ಕುಳಿತು ಮೊಸರನ್ನವುಂಡೆ.

ಸಂಜೆ ಹಳ್ಳಿಯೊಂದರಲ್ಲಿ ಹಳೆಯ ಸಹಪಾಠಿಯೊಬ್ಬರ ತೆಂಗಿನ ತೋಟಕ್ಕೆ ಹೋದೆವು. ಎಳನೀರು ಕೆಡವಿಸಿ ಕೊಟ್ಟರು. ಆದರೆ ತೋಟದ ಒಂದು ಮೂಲೆಯಲ್ಲಿ ಸುಳಿಯೊಣಗಿದ ಮರಗಳು ಸಾಲಾಗಿ ನಿಂತಿದ್ದವು. ಹಿಂದಿನ ಬರಗಾಲಗಳಲ್ಲಿ ಹೋದ ಮರಗಳು. ಕೊರೆಸಿದ ಕೊಳವೆಬಾವಿಗಳಲ್ಲಿ ಒಂದೊಂದೇ ಬತ್ತಿ, ಈಗ ಉಳಿದಿರುವುದು ಒಂದೇ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಮಾರಿಬಿಟ್ಟು ಬನ್ನಿ ಎನ್ನುತ್ತಾನೆ. “ಇನ್ನೊಂದು ಕೊರೆಸಬೇಕೋ, ಮಾರಬೇಕೋ ತಿಳಿಯದು” ಎಂದು ಅವರು ಹೇಳಿದಾಗ ನಮ್ಮಲ್ಲಿ ಯಾರ ಬಳಿಯೂ ಮಾತಿರಲಿಲ್ಲ. ಆಗ ನನ್ನ ಮಗಳು ಕೋಟೆಯ ಹೊಂಡಗಳ ವಿಚಾರವನ್ನು ತೆಗೆದಳು. ತೋಟ ಇಳಿಜಾರಿನಲ್ಲಿದೆ, ಮೇಲಿಂದ ಬರುವ ಮಳೆನೀರು ಎಲ್ಲಿ ಹೋಗುತ್ತದೆಂದು ಕೇಳಿದಳು. “ಹಳ್ಳ ಸೇರುತ್ತದಮ್ಮ” ಎಂದರು ಮಿತ್ರರು. ಹಾಗೆಂದವರು ಬಹಳ ಹೊತ್ತು ಆ ಇಳಿಜಾರನ್ನೇ ನೋಡುತ್ತಿದ್ದರು.

ಕೊನೆಯ ಭಾನುವಾರ ಹೊಳಲ್ಕೆರೆ. ಹಳಗನ್ನಡದಲ್ಲಿ ಪೊಳಲ್ ಎಂದರೆ ಪಟ್ಟಣ, ಅದೇ ಹೊಳಲು. ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡ ಊರು. ಇಲ್ಲಿನ ಪ್ರಸನ್ನ ಗಣಪತಿ ಬಯಲು ಗಣಪನೆಂದೇ ಪ್ರಸಿದ್ಧ. ಬೆನ್ನ ಹಿಂದೆ ಜಡೆಯಿರುವ ಆ ದೊಡ್ಡ ಮೂರ್ತಿಯನ್ನು ಮಗ ಸುತ್ತಿಸುತ್ತಿ ನೋಡಿದ. ಮಧ್ಯಾಹ್ನ ಮಲ್ಲಾಡಿಹಳ್ಳಿ. ಬಾರಕೂರಿನಲ್ಲಿ ಹುಟ್ಟಿ, ದೇಶ ಸುತ್ತಿ, 1943ರಲ್ಲಿ ಈ ಹಳ್ಳಿಗೆ ಬಂದ ರಾಘವೇಂದ್ರ ಸ್ವಾಮಿಗಳು ಇಲ್ಲಿಯೇ ನಿಂತುಬಿಟ್ಟರು. ಅನಾಥ ಸೇವಾಶ್ರಮವನ್ನು ಕಟ್ಟಿದರು, ಯೋಗ ಕಲಿಸಿದರು, ಆಯುರ್ವೇದದಿಂದ ರೋಗಿಗಳನ್ನು ನೋಡಿದರು, ‘ತಿರುಕ’ನೆಂಬ ಹೆಸರಿನಲ್ಲಿ ಬರೆದರು, 1996ರಲ್ಲಿ ತೀರಿಕೊಂಡರು. ತಿರುಗಾಟವನ್ನೇ ಹೆಸರಾಗಿಟ್ಟುಕೊಂಡವರು ಒಂದು ಸಣ್ಣ ಊರಿಗೆ ಅರ್ಧಶತಮಾನವನ್ನು ಕೊಟ್ಟರು. ಊರು ಬಿಟ್ಟು ಹೊರಡಲಿದ್ದ ಮಗಳಿಗೂ, ಹೋದವರು ಮರಳಲಿಲ್ಲವೆಂದು ಕೊರಗುವ ನಮ್ಮಂಥವರಿಗೂ ಆ ಬಾಳಿನಲ್ಲಿ ಏನೋ ಒಂದು ಸಮಾಧಾನವಿದೆ.

ನಮ್ಮ ಜಿಲ್ಲೆಗೆ ಬರದ ಜಿಲ್ಲೆಯೆಂಬ ಹೆಸರು ಅಂಟಿ ಬಹುಕಾಲವಾಯಿತು. ಆ ಮಾತು ಸುಳ್ಳಲ್ಲ. ಆದರೆ ನಾಲ್ಕು ವಾರಗಳಲ್ಲಿ ನಾವು ಕಂಡದ್ದೆಲ್ಲವೂ, ಮಯೂರನ ಕೆರೆಯಿಂದ ಹಿಡಿದು ಮಾರಿಕಣಿವೆಯವರೆಗೆ, ಯಾರೋ ಒಬ್ಬರು ಹರಿದುಹೋಗುವ ನೀರನ್ನು ನಿಲ್ಲಿಸಿದ ಕತೆಯೇ ಆಗಿತ್ತು. ಇದನ್ನು ಬಲ್ಲ ಮಕ್ಕಳು ಎಲ್ಲಿಗೆ ಹೋದರೂ ತಮ್ಮ ಊರನ್ನು ನಾಚಿಕೆಯಿಂದ ನೆನೆಯಲಾರರು. ಅಧ್ಯಾಪಕರಲ್ಲಿ ನನ್ನ ವಿನಂತಿಯಿಷ್ಟೆ: ವರ್ಷಕ್ಕೊಮ್ಮೆ ಮಕ್ಕಳನ್ನು ದೂರದೂರಿಗೆ ಕರೆದೊಯ್ಯುವ ಮೊದಲು ನಿಮ್ಮೂರಿನ ಕೆರೆಯ ಏರಿಯ ಮೇಲೆ ಒಮ್ಮೆ ನಡೆಸಿರಿ, ಅದನ್ನು ಕಟ್ಟಿಸಿದವರಾರು, ತೂಬು ಎಲ್ಲಿದೆ, ಕೋಡಿ ಯಾವ ಕಡೆಗೆಂದು ಕೇಳಿರಿ.

ಮೊನ್ನೆ ಹೊಸದುರ್ಗದ ಮಿತ್ರರು ಮಾತನಾಡಿದರು. ತೋಟವನ್ನು ಈ ವರ್ಷಕ್ಕೆ ಮಾರುವುದಿಲ್ಲವಂತೆ. ಇಳಿಜಾರಿನ ಬುಡದಲ್ಲಿ ಕೃಷಿ ಹೊಂಡವೊಂದನ್ನು ತೆಗೆಸಿದ್ದಾರೆ. ಅದಿನ್ನೂ ಒಣಗಿದೆ, ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ಬರಬೇಕು. ಬಂದರೆ ಮಗಳು ದಸರೆಯ ರಜೆಗೆ ಊರಿಗೆ ಬರುವ ಹೊತ್ತಿಗೆ ನೀರು ನಿಂತಿರುತ್ತದೆ, ಎಲ್ಲರೂ ಬನ್ನಿ ಎಂದು ಕರೆದಿದ್ದಾರೆ. ಅಜ್ಜಿ ಈಗಾಗಲೇ ಬುತ್ತಿಗೆ ಏನು ಕಟ್ಟಬೇಕೆಂದು ವಿಚಾರಿಸತೊಡಗಿದ್ದಾರೆ.