ಗೀಸರ್ ಆಮೇಲೆ, ಅರ್ಥಿಂಗ್ ಮೊದಲು

ಗೀಸರ್ ತಗೋಬೇಕು ಅಂದ್ರೆ ನಾವೆಲ್ಲ ಮೊದಲು ಮಾಡೋ ಕೆಲಸ ಮೊಬೈಲ್‌ನಲ್ಲಿ ಆಫರ್ ನೋಡೋದು. ಎಷ್ಟು ಲೀಟರ್, ಎಷ್ಟು ಸ್ಟಾರ್, ಯಾವ ಬಣ್ಣ. ಅದನ್ನು ನೇತುಹಾಕೋ ಗೋಡೆ, ಕರೆಂಟ್ ಕೊಡೋ ಪಾಯಿಂಟ್ ಬಗ್ಗೆ ಯಾರೂ ಕೇಳೋದಿಲ್ಲ. ನನಗೆ ಆ ಪ್ರಶ್ನೆ ಹುಟ್ಟಿದ್ದು ತೀರ್ಥಹಳ್ಳಿ ಕಡೆಯಿಂದ ಅಮ್ಮ ನಮ್ಮ ಬೆಂಗಳೂರಿನ ಬಾಡಿಗೆ ಮನೆಗೆ ಬಂದು ಇರೋದು ಅಂತ ತೀರ್ಮಾನ ಆದಾಗ.

ಅಮ್ಮ ಜೀವನವಿಡೀ ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆ ನೀರಲ್ಲಿ ಮಿಂದವರು. ಗೀಸರ್ ಅಂದ ಕೂಡಲೇ ಫೋನಲ್ಲೇ ಹೇಳಿದರು, "ನೀರೂ ಕರೆಂಟೂ ಒಂದೇ ಕಡೆ ಬೇಡ ಮಾರಾಯ್ತಿ."

ಹೆದರಿಕೆ ಸುಳ್ಳಲ್ಲ. ಹಾಗಂತ ಬಕೆಟ್‌ಗೆ ಕಾಯಿಲ್ ಇಳಿಬಿಡೋದು ಇನ್ನೂ ಅಪಾಯ. ಗ್ಯಾಸ್ ಗೀಸರನ್ನು ಗಾಳಿಯಾಡದ ಬಾತ್‌ರೂಮ್ ಒಳಗೆ ಹಾಕಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜೀವಕ್ಕೇ ಕುತ್ತು. ಉಳಿದದ್ದು ಎಲೆಕ್ಟ್ರಿಕ್.

ಎಷ್ಟು ದೊಡ್ಡದು ಬೇಕು?

ಲೆಕ್ಕ ಸುಲಭ. 20 ಡಿಗ್ರಿಯ 15 ಲೀಟರ್ ನೀರನ್ನು 55 ಡಿಗ್ರಿಗೆ ಕಾಯಿಸೋಕೆ ಸುಮಾರು 0.6 ಯೂನಿಟ್ ಕರೆಂಟ್ ಸಾಕು. 2 ಕಿಲೋವ್ಯಾಟ್ ಗೀಸರ್‌ಗೆ ಇಪ್ಪತ್ತು ನಿಮಿಷದ ಕೆಲಸ. ತಣ್ಣೀರು ಬೆರೆಸಿದರೆ 25 ಲೀಟರ್ ಹದವಾದ ನೀರು, ಅಂದ್ರೆ ಒಬ್ಬರ ಸ್ನಾನ ಆರಾಮಾಗಿ ಆಗುತ್ತೆ. ಬೆಳಗ್ಗೆ ಒಬ್ಬರ ಹಿಂದೆ ಒಬ್ಬರು ಹೋಗೋ ಮನೆಗೆ 25 ಲೀಟರ್ ಟ್ಯಾಂಕ್ ಒಳ್ಳೇದು. 3 ಲೀಟರ್‌ನ ಇನ್‌ಸ್ಟಂಟ್ ಗೀಸರ್ ಅಡುಗೆಮನೆ ಸಿಂಕ್‌ಗೆ ಸರಿ. 3 ಕಿಲೋವ್ಯಾಟ್‌ದಾದರೂ ನಿಮಿಷಕ್ಕೆ 2 ಲೀಟರ್ ನೀರನ್ನು ಇಪ್ಪತ್ತು ಡಿಗ್ರಿಯಷ್ಟೇ ಏರಿಸಬಲ್ಲದು. ಶವರ್ ಜೋರಾಗಿ ಬಿಟ್ಟರೆ ಉಗುರುಬೆಚ್ಚಗೆ ಅಷ್ಟೇ.

ನಮ್ಮದು ಬೋರ್‌ವೆಲ್ ನೀರು. ಗಡಸು ನೀರು ಕಾದಾಗ ಬಿಳಿ ಸುಣ್ಣ ಕಾಯಿಲ್ ಮೇಲೆ ಕಟ್ಟುತ್ತೆ, ಬಿಲ್ ಏರುತ್ತೆ. ಅದಕ್ಕೇ ಗ್ಲಾಸ್ ಕೋಟಿಂಗ್ ಟ್ಯಾಂಕ್, ಒಳಗೆ ಮೆಗ್ನೀಸಿಯಂ ಆನೋಡ್ ರಾಡ್ ಇರೋದನ್ನೇ ಆರಿಸಿದೆ. ತುಕ್ಕು ಟ್ಯಾಂಕ್ ಬದಲು ಆ ರಾಡನ್ನು ತಿನ್ನುತ್ತೆ. ಸರ್ವೀಸ್ ಮಾಡಿಸುವಾಗ ಅದು ಸವೆದಿದೆಯಾ ನೋಡಿಸಬೇಕು. ಎತ್ತರದ ಅಪಾರ್ಟ್‌ಮೆಂಟ್ ಅಥವಾ ಪ್ರೆಶರ್ ಪಂಪ್ ಇರೋ ಮನೆಯವರು 8 ಬಾರ್ ತಡೆಯೋ ಟ್ಯಾಂಕ್ ಕೇಳಿ.

ಉರಿಯದ ಬಲ್ಬು

ಆರ್ಡರ್ ಮಾಡೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿದೆ. ಅವರು ಟೆಸ್ಟ್ ಬಲ್ಬಿನ ವೈರನ್ನು ಫೇಸ್‌ಗೂ ನ್ಯೂಟ್ರಲ್‌ಗೂ ಮುಟ್ಟಿಸಿದರು, ಉರೀತು. ಫೇಸ್‌ಗೂ ಅರ್ಥ್‌ಗೂ ಮುಟ್ಟಿಸಿದರು, ಉರೀಲಿಲ್ಲ. "ಮೇಡಂ, ಮೂರನೇ ತೂತು ಬರೀ ಶೋಗೆ ಇದೆ," ಅಂದರು. (ಇದನ್ನು ನೀವೇ ಮಾಡಿ ನೋಡೋಕೆ ಹೋಗಬೇಡಿ.)

ಕಾಯಿಲ್ ಒಡೆದು ಕರೆಂಟ್ ಲೀಕ್ ಆದರೆ, ಅರ್ಥಿಂಗ್ ಇದ್ದಾಗ ಅದು ನೆಲಕ್ಕೆ ಹೋಗುತ್ತೆ. ಇಲ್ಲದಿದ್ದಾಗ ನಲ್ಲಿ ಹಿಡಿದವರ ಮೈ ಮೂಲಕ ಹೋಗುತ್ತೆ. ಎಂಸಿಬಿ ಇದೆಯಲ್ಲ ಅಂತ ಸುಮ್ಮನಿರೋ ಹಾಗಿಲ್ಲ. ಎಂಸಿಬಿ ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್‌ಗೆ ಬೀಳುತ್ತೆ. ಮನುಷ್ಯರನ್ನು ಕೊಲ್ಲೋ ಸಣ್ಣ ಲೀಕೇಜ್ ಹಿಡಿಯೋದು 30 ಮಿಲಿಆಂಪ್‌ನ ಆರ್‌ಸಿಸಿಬಿ.

ಓನರ್‌ಗೆ ಹೇಳಿದೆ. "ಇಪ್ಪತ್ತು ವರ್ಷದಿಂದ ಯಾರಿಗೂ ಏನೂ ಆಗಿಲ್ವಲ್ಲಮ್ಮ?" ಅಂದರು. "ಅಂಕಲ್, ಆದಮೇಲೆ ಮಾತಾಡೋಕೆ ಏನಿರುತ್ತೆ?" ಅಂದೆ. ಎರಡು ವಾರ ಎಳೆದಾಟ ಆಯ್ತು. ಕೊನೆಗೆ ಅರ್ಥ್ ಪಿಟ್, ವೈರಿಂಗ್ ಅವರದು. ಆರ್‌ಸಿಸಿಬಿ, ಗೀಸರ್ ನಮ್ಮದು ಅಂತ ಒಪ್ಪಂದ. ಆ ಎರಡು ವಾರ ಗ್ಯಾಸ್ ಸ್ಟೋವ್ ಮೇಲೆ ನೀರು ಕಾಯಿಸಿಕೊಂಡ್ವಿ.

ಹಾಕಿಸುವಾಗ ಪಕ್ಕದಲ್ಲೇ ನಿಂತು ನೋಡಿ

• 16 ಆಂಪ್ ಪಾಯಿಂಟೇ ಬೇಕು, ಮಲ್ಟಿಪ್ಲಗ್ ಬೇಡವೇ ಬೇಡ. ಸ್ವಿಚ್ ಬಾತ್‌ರೂಮ್ ಹೊರಗಿದ್ದರೆ ಒಳ್ಳೇದು.
• ಗಟ್ಟಿ ಗೋಡೆ ಇರಲಿ. 25 ಲೀಟರ್ ಅಂದ್ರೆ ನೀರೇ 25 ಕೆಜಿ.
• ಬಿಸಿನೀರಿಗೆ ಮಾಮೂಲಿ ಪಿವಿಸಿ ಪೈಪ್ ಬೇಡ, ಸಿಪಿವಿಸಿ ಹಾಕಿಸಿ.
• ಸೇಫ್ಟಿ ವಾಲ್ವ್‌ನಿಂದ ನೀರು ಕಾಯುವಾಗ ಹನಿ ಬೀಳೋದು ಸಹಜ. ಅದನ್ನು ಮುಚ್ಚಿಸಬೇಡಿ.
• ಬಿಸಿನೀರಿನ ನಲ್ಲಿಯಲ್ಲಿ ನೀರು ಸರಾಗವಾಗಿ ಬಂದಮೇಲಷ್ಟೇ ಮೊದಲ ಸಲ ಸ್ವಿಚ್ ಹಾಕಿ.
• ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಟಪ್ ಅಂತ ಬೀಳಬೇಕು.

ಅಮ್ಮ ಈಗಲೂ ಸ್ವಿಚ್ ಆಫ್ ಮಾಡಿಯೇ ಸ್ನಾನಕ್ಕೆ ಹೋಗೋದು. ನಾವೂ ಅದನ್ನೇ ರೂಢಿ ಮಾಡಿಕೊಂಡಿದ್ದೇವೆ. ಮುಂದಿನ ಸಲ ಬಾಡಿಗೆ ಮನೆ ನೋಡೋಕೆ ಹೋದಾಗ ನೀರು ಬರುತ್ತಾ, ಪಾರ್ಕಿಂಗ್ ಇದ್ಯಾ ಅನ್ನೋದರ ಜೊತೆಗೆ ಇನ್ನೊಂದು ಮಾತು ಕೇಳಿ: "ಅರ್ಥಿಂಗ್ ಇದ್ಯಾ?" ಅಡ್ವಾನ್ಸ್ ಕೊಡೋ ಮುಂಚೆ ಕೇಳಿದರೆ ಉತ್ತರ ಬೇಗ ಸಿಗುತ್ತೆ.