ಕೆಲಸಕ್ಕೆ ಮರಳಲು ಅಂಜಿದವರು

ಗೊರೂರು ಅಣೆಕಟ್ಟಿನಿಂದ ಅನತಿ ದೂರದ ಹಳ್ಳಿಯೊಂದರಲ್ಲಿ ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಕುಟುಂಬವೊಂದಿದೆ. ಆ ಮನೆಯ ಹಿರಿಯರು ಪೂಜೆ ಕೇಳುತ್ತಿದ್ದ ಶೆಟ್ಟಿಹಳ್ಳಿಯ ದೇವಾಲಯ ಹೇಮಾವತಿಯ ಹಿನ್ನೀರಿನ ಪಾಲಾಗಿ ಎಷ್ಟೋ ವರ್ಷಗಳಾದವು. ಮಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗಿ. 2020ರ ಮಾರ್ಚ್ 25ರಂದು ದೇಶವೇ ಬಾಗಿಲು ಮುಚ್ಚಿಕೊಳ್ಳುವ ಮೊದಲೇ ಆಕೆ ಊರು ಸೇರಿದ್ದಳು. ಮೊಬೈಲ್ ಸಿಗ್ನಲ್ ದೊರೆಯುತ್ತಿದ್ದುದು ಅಟ್ಟದ ಮೇಲೆ ಮಾತ್ರ. ಅಲ್ಲಿಯೇ ಕುಳಿತು ಒಂದು ವರ್ಷ ಕಾಲ ಕೆಲಸ ಮಾಡಿದಳು. ಕೆಳಗೆ ಆಸ್ತಮಾದಿಂದ ಬಳಲುವ ತಂದೆ.

2021ರ ಮಾರ್ಚಿನಲ್ಲಿ ಕಂಪನಿಯಿಂದ ಕರೆ ಬಂದಿತು: ಕಚೇರಿಗೆ ಬಂದು ಹಾಜರಾಗಬೇಕು. ಆಗ ಸಾರ್ವಜನಿಕರಲ್ಲಿ ಲಸಿಕೆ ದೊರೆಯುತ್ತಿದ್ದುದು 60 ವರ್ಷ ದಾಟಿದವರಿಗೆ ಮತ್ತು 45 ದಾಟಿದ ಕೆಲವು ಬಗೆಯ ರೋಗಿಗಳಿಗೆ. ಆಕೆಯ ವಯಸ್ಸಿನವರ ಸರದಿ ಆರಂಭವಾದದ್ದು ಮೇ 1ರಂದು. "ಸ್ವಾಮಿ, ಹೋಗಲೋ ಬೇಡವೋ?" ಎಂದು ಪೂಜೆಯ ನಂತರ ಕೇಳಿದಳು. "ದೇವರಿದ್ದಾನಮ್ಮ, ಅಂಜಬೇಡ" ಎಂದು ಹೇಳಿ ನಾನು ಬೀಗದ ಕೈ ಹುಡುಕತೊಡಗಿದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದವನು ಆಡಬಾರದ ಮಾತು ಅದು. ಧೈರ್ಯವೆಂಬುದು ಹೇಡಿತನಕ್ಕೂ ದುಡುಕಿಗೂ ನಡುವೆ ಇರುವ ಗುಣವೆಂದು ಅರಿಸ್ಟಾಟಲ್ ವಿವರಿಸಿದ್ದಾನೆ. ಸಂತ ಥಾಮಸ್ ಅಕ್ವಿನಾಸರಂತೂ ಅಂಜಬೇಕಾದುದಕ್ಕೆ ಅಂಜದಿರುವುದನ್ನು ದೋಷಗಳ ಸಾಲಿಗೇ ಸೇರಿಸಿದ್ದಾರೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಎಂದು ಶೋಧಕನು ಹೇಳಿದಾಗ ಪ್ರಭು ಧುಮುಕಲಿಲ್ಲ. ಇವೆಲ್ಲವನ್ನೂ ನಾನು ಬೋಧಿಸಿದ್ದೇನೆ. ಕೇಳಿದವಳೆದುರು ಮಾತ್ರ ನೆನಪಾಗಲಿಲ್ಲ.

ಆಕೆಯ ಅಂಜಿಕೆಗೆ ಎಣಿಸಿ ಹೇಳಬಹುದಾದ ಕಾರಣಗಳಿದ್ದವು. ಒಂದು ಕೋಣೆಯಲ್ಲಿ ಮೂವರಿರುವ ಪಿ.ಜಿ., ಕಿಟಕಿ ತೆರೆಯದ ಹವಾನಿಯಂತ್ರಿತ ಕಚೇರಿ, ವಾರದ ಕೊನೆಗೆ ಊರಿಗೆ ಬರುವ ಬಸ್ಸು, ಬಸ್ಸಿಳಿದರೆ ಎದುರಾಗುವ ತಂದೆಯ ಉಸಿರು. ಕೆಲಸ ಮಾಡಲಾರೆನೆಂದು ಆಕೆ ಹೇಳಿರಲಿಲ್ಲ, ಮಾಡುತ್ತಲೇ ಇದ್ದಳು. ಆದರೂ ಮನೆಯಲ್ಲಿ ಕುಳಿತು ಸಂಬಳ ಎಣಿಸುವ ರುಚಿ ಹತ್ತಿದೆ ಎಂಬ ಮಾತು ನಮ್ಮೂರಿನ ಜಗುಲಿಗಳ ಮೇಲೂ ಕೇಳಿಬಂದಿತು. ಅಂಥವರು ಇರಲೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಕೆಲವರ ಸೋಮಾರಿತನವನ್ನು ಅಳತೆಗೋಲಾಗಿ ಹಿಡಿದು ಎಲ್ಲರ ಭಯವನ್ನು ಅಳೆಯುವುದು ನ್ಯಾಯವಲ್ಲ. ಅದೇ 2021ರ ಆಗಸ್ಟಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಂಪನಿಗಳಿಗೆ ರಾಜ್ಯ ಸರ್ಕಾರವೇ ಸಲಹೆ ನೀಡಿ, 2022ರ ಡಿಸೆಂಬರಿನವರೆಗೆ ಉದ್ಯೋಗಿಗಳನ್ನು ಮನೆಯಿಂದಲೇ ದುಡಿಸಿಕೊಳ್ಳಲು ಕೋರಿತು. ಮೆಟ್ರೋ ಕಾಮಗಾರಿಯಿಂದ ವಾಹನ ದಟ್ಟಣೆ ಹೆಚ್ಚುವುದೆಂಬುದು ಅದರ ಕಾರಣ. ರಸ್ತೆಯ ಇಕ್ಕಟ್ಟಿಗೆ ದೊರೆತ ರಿಯಾಯಿತಿ ತಂದೆಯ ಉಬ್ಬಸಕ್ಕೆ ದೊರೆಯಲಿಲ್ಲವಲ್ಲ!

ಅಟ್ಟದ ಮೇಲೆ ಕುಳಿತು ಮಾಡಬಹುದಾದ ಕೆಲಸ ಎಲ್ಲರ ಪಾಲಿಗೂ ಇರಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರು ನಮ್ಮಲ್ಲಿ ಇದ್ದಾರೆ. 2020ರ ಮೇ 19ರಂದು ಸರ್ಕಾರಿ ಬಸ್ಸುಗಳು, ಒಂದಕ್ಕೆ 30 ಜನರಂತೆ, ಮತ್ತೆ ಓಡತೊಡಗಿದವು. ಮೂರೇ ದಿನಕ್ಕೆ, ಮೇ 22ರಂದು, ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಳವರೆಗೆ ವಿಸ್ತರಿಸುವ ಅಧಿಸೂಚನೆ ಹೊರಟಿತು. ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದ ಬಳಿಕ ಜೂನ್ 11ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. ಈ ತಾಯಂದಿರಿಗೆ ರೋಗದ ಭಯವಿತ್ತು. ಕೂಲಿ ತಪ್ಪುವ ಭಯ ಅದಕ್ಕಿಂತ ದೊಡ್ಡದಾಗಿತ್ತು. ಅವರಲ್ಲಿ ಒಬ್ಬರೂ ಹೋಗಲೋ ಬೇಡವೋ ಎಂದು ನನ್ನನ್ನು ಕೇಳಲಿಲ್ಲ. ನಾನಾಗಿ ವಿಚಾರಿಸಲೂ ಇಲ್ಲ.

ದುಡಿಮೆಯು ಮನುಷ್ಯನಿಗಾಗಿ ಇರುವುದೇ ಹೊರತು ಮನುಷ್ಯನು ದುಡಿಮೆಗಾಗಿ ಅಲ್ಲವೆಂದು ಜಗದ್ಗುರು ಎರಡನೆಯ ಜಾನ್ ಪಾಲ್ 1981ರಲ್ಲಿ ತಮ್ಮ 'ಲಬೋರೆಮ್ ಎಕ್ಸರ್ಸೆನ್ಸ್' ಎಂಬ ವಿಶ್ವಪತ್ರದಲ್ಲಿ ಬೋಧಿಸಿದರು. ಅದೇ ವರ್ಷ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದವೊಂದು, ಜೀವಕ್ಕೆ ಅಥವಾ ಆರೋಗ್ಯಕ್ಕೆ ಗಂಭೀರ ಅಪಾಯ ಸನ್ನಿಹಿತವಾಗಿದೆಯೆಂದು ಸಕಾರಣವಾಗಿ ನಂಬಿ ಕೆಲಸದಿಂದ ಹಿಂದೆ ಸರಿದವನನ್ನು ದಂಡನೆಯಿಂದ ರಕ್ಷಿಸಬೇಕೆಂದು ಹೇಳಿತು. ನಮ್ಮ ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿಯೂ ಒಂದು ಅವಕಾಶವಿದೆ: ತನ್ನ ಆರೋಗ್ಯಕ್ಕೆ ಅಪಾಯ ಸನ್ನಿಹಿತವಾಗಿದೆಯೆಂಬ ಸಕಾರಣ ಭೀತಿಯುಳ್ಳ ಉದ್ಯೋಗಿಯು ಅದನ್ನು ಮಾಲೀಕರ ಗಮನಕ್ಕೂ ತನಿಖಾಧಿಕಾರಿಯ ಗಮನಕ್ಕೂ ತರಬಹುದು. ಭಯವನ್ನು ಬಾಯಿಬಿಟ್ಟು ಹೇಳುವುದು ಕಾನೂನಿನ ಕಣ್ಣಿಗೂ ಅಪರಾಧವಲ್ಲ. ಹೇಳಲು ನೆರವಾಗುವವರು ಬೇಕು. ಅರ್ಜಿ ಬರೆಯಲು ಬಾರದ ಕಾರ್ಮಿಕಳಿಗೆ ಧರ್ಮಗುರುವಲ್ಲದೆ ಇನ್ನಾರು ಬರೆದುಕೊಟ್ಟಾರು?

ಆಕೆ ಬೆಂಗಳೂರಿಗೆ ಹೋದಳು. ಏಪ್ರಿಲ್ 4ರ ಪಾಸ್ಕ ಹಬ್ಬಕ್ಕೆ ಬರಲಿಲ್ಲ. ತಾನೇ ರೋಗ ಹೊತ್ತು ತಂದೇನೆಂದು ಅಂಜಿದ್ದಳು. ಎರಡನೆಯ ಅಲೆ ಏರಿ, ಏಪ್ರಿಲ್ 27ರಿಂದ ರಾಜ್ಯ ಮತ್ತೆ ಬಾಗಿಲು ಮುಚ್ಚಿತು. ಮೇ ತಿಂಗಳಲ್ಲಿ ತಂದೆಗೆ ಜ್ವರ ಹತ್ತಿತು. ಮಗಳು ಬಾರದೆಯೂ ರೋಗ ಊರೊಳಗೇ ಬಂದಿತ್ತು. ಹಾಸನದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಆಮ್ಲಜನಕದ ಆಸರೆಯಲ್ಲಿದ್ದು ಬದುಕಿ ಬಂದರು. ಈಗ ದೇವಾಲಯದ ಮೆಟ್ಟಿಲನ್ನು ಎರಡು ಕಡೆ ನಿಂತು ಹತ್ತುತ್ತಾರೆ.

ಕಳೆದ ಕ್ರಿಸ್‌ಮಸ್‌ಗೆ ಬಂದ ಆಕೆ ತಂದೆಯ ತೋಳು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅಂದಿನ ನನ್ನ ಉತ್ತರದ ವಿಷಯವನ್ನು ನಾನೇ ಎತ್ತಿದೆ. "ನೀವು ಅಂಜಬೇಡ ಅಂದಿರಿ ಸ್ವಾಮಿ. ಅಪ್ಪನಿಗೆ ಆಸ್ತಮಾ ಇದೆ ಎಂದು ಆಫೀಸಿಗೆ ತಿಳಿಸಿದೆಯಾ ಅಂತ ಕೇಳಿದ್ದರೆ ಸಾಕಾಗಿತ್ತು. ನಾನು ತಿಳಿಸಿರಲೇ ಇಲ್ಲ" ಎಂದಳು.